ಮಗಳಿಗೆ ಟ್ರಯಲ್ಸ್ ಬೈಕ್ ಹುಚ್ಚು ಹಿಡಿದಿದೆ, ಇದ್ರಲ್ಲಿ ಎಂತ ದಾರಿ ಉಂಟು?

ಕಣದಮನೆ:
ಎಲ್ರಿಗೂ ನಮಸ್ಕಾರ. ಸುಂಟಿಕೊಪ್ಪ ಕಡೆ ನಮ್ದು ಸಣ್ಣ ತೋಟ, ಮಗಳಿಗೆ ಈಗ 14. ನಾಲ್ಕು ತಿಂಗಳಿಂದ ಮೊಬೈಲಲ್ಲಿ ಅದೇನೋ ಟ್ರಯಲ್ಸ್ ಅಂತೆ, ಸೀಟೇ ಇಲ್ಲದ ಬೈಕಲ್ಲಿ ಬಂಡೆ ಹತ್ತೋದು, ಅದನ್ನೇ ನೋಡ್ತಾ ಕೂತಿರ್ತಾಳೆ. ಲಾಯಾ ಸಾನ್ಸ್ ಅಂತ ಸ್ಪೇನ್‌ನವಳು ಒಬ್ಳು, ಅವಳ ಫೋಟೋ ಪ್ರಿಂಟ್ ಹಾಕ್ಸಿ ಓದೋ ಟೇಬಲ್ ಮೇಲೆ ಅಂಟಿಸಿದ್ದಾಳೆ. ನೋಡಿದ್ರೆ ನೋಡ್ಲಿ ಅಂತ ಸುಮ್ನಿದ್ದೆ. ಈ ಸಲ ಕಾಫಿ ಒಣಗಿ ಚೀಲ ಕಟ್ಟಿ ಕ್ಯೂರಿಂಗ್‌ಗೆ ಹೋಯ್ತಲ್ಲ, ಕಣ ಖಾಲಿ ಆಯ್ತು, ಅಲ್ಲಿಗೆ ನಮ್ಮ ತೋಟದ ಲೆಕ್ಕ ನೋಡ್ತಿದ್ದ ರೈಟರ್ ಬಿಟ್ಟುಹೋದ ಹಳೇ 100 ಸಿಸಿ ಬೈಕ್ ತಳ್ಕೊಂಡು ಹೋಗಿ, ಇಂಜಿನ್ ಆಫ್, ಎರಡೂ ಕಾಲು ಫುಟ್‌ರೆಸ್ಟ್ ಮೇಲೆ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ನಿಂತೇ ಇರ್ತಾಳೆ. ಮುಂದೂ ಹೋಗಲ್ಲ ಹಿಂದೂ ಬರಲ್ಲ. ಮೊದಲ ದಿನ ಎರಡು ಸೆಕೆಂಡಿಗೆ ಧಡ್ ಅಂತ ಬಿದ್ಲು, ಈಗ ನಲವತ್ತು ದಾಟಿದೆ, ಅತ್ತೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಂಡು ಎಣಿಸ್ತಾರೆ.

ನಿನ್ನೆ ಊಟಕ್ಕೆ ಕೂತಾಗ ಕೇಳೇ ಬಿಟ್ಲು, ಅಮ್ಮ ನಾನು ಇದ್ರಲ್ಲಿ ಕಾಂಪಿಟಿಷನ್‌ಗೆ ಹೋಗ್ಬೇಕು ಅಂತ. ಅವರಪ್ಪ ತಟ್ಟೆ ನೋಡ್ಕೊಂಡು ಉಣ್ತಾ ಇದ್ರು, ತಲೆ ಎತ್ಲಿಲ್ಲ, ಅಂದ್ರೆ ನಾನೇ ತೀರ್ಮಾನ ಮಾಡ್ಬೇಕು ಅಂತ ಅರ್ಥ. ನನಗೆ ಬೈಕ್ ಬಗ್ಗೆ ಗೊತ್ತಿರೋದು ಪೆಟ್ರೋಲ್ ಹಾಕ್ಸೋದು ಅಷ್ಟೇ. ಇದು ನಿಜವಾಗ್ಲೂ ಹುಡುಗೀರು ಮುಂದೆ ಹೋಗೋ ಆಟವಾ ಇಲ್ಲ ಬರೀ ರೀಲ್ಸಾ? ಆ ಲಾಯಾ ಹೇಗೆ ಅಲ್ಲಿವರೆಗೆ ಹೋದ್ಲು? ಗೊತ್ತಿದ್ದೋರು ಸ್ವಲ್ಪ ಬಿಡಿಸಿ ಹೇಳಿ, ಮಗಳನ್ನ ಕೇಳಿದ್ರೆ ಹತ್ತು ನಿಮಿಷಕ್ಕೆ ಜಗಳ ಆಗ್ತದೆ.

ತೋಡಿನಾಚೆ:
ಅಕ್ಕ ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಬೇಡಿ. ಹುಡುಗಿಗೆ ಹಾಕಿ ಸ್ಟಿಕ್ ಕೊಡಿಸಿ. ಕೊಡಗಲ್ಲಿ ಹಾಕಿ ಅಂದ್ರೆ ಗ್ರೌಂಡ್ ಉಂಟು ಕೋಚ್ ಉಂಟು ಹಾಸ್ಟೆಲ್ ಉಂಟು, ಚೆನ್ನಾಗಿ ಆಡಿದ್ರೆ ರೈಲ್ವೇನೋ ಪೊಲೀಸೋ ಸ್ಪೋರ್ಟ್ಸ್ ಕೋಟಾಕ್ಕೂ ದಾರಿ ಆಗ್ತದೆ. ಬಂಡೆ ಹತ್ತಿದವಳಿಗೆ ಯಾರು ಕೆಲಸ ಕೊಡ್ತಾರೆ? ನಮ್ಮ ನಾಪೋಕ್ಲು ಕಡೆ ಬೈಕ್ ಹುಚ್ಚಲ್ಲಿ ಕಾಲು ಮುರ್ಕೊಂಡವ್ರನ್ನ ಬೇಕಾದಷ್ಟು ನೋಡಿದೀನಿ.

ರೋಬಸ್ಟಾರೈಡರ್:
ಅಣ್ಣ ಕಾಲು ಮುರಿಯೋದು ಸ್ಪೀಡಿಂದ, ಟ್ರಯಲ್ಸ್‌ನಲ್ಲಿ ಸ್ಪೀಡೇ ಇಲ್ಲ. ಅಕ್ಕ ಮೊದ್ಲು ಆಟ ಹೇಳ್ತೀನಿ. ಕಾಡಲ್ಲೋ ಹೊಳೆ ದಡದಲ್ಲೋ ಹತ್ತು ಹದಿನೈದು ಕಡೆ ರಿಬ್ಬನ್ ಕಟ್ಟಿ ಜಾಗ ಗುರುತು ಮಾಡಿರ್ತಾರೆ, ಒಂದೊಂದಕ್ಕೂ ಸೆಕ್ಷನ್ ಅಂತಾರೆ, ಒಳಗೆ ಬಂಡೆ, ದಿಮ್ಮಿ, ಕೆಸರು, ಬೇರು ಏನು ಬೇಕಾದ್ರೂ ಇರ್ಬಹುದು. ಒಬ್ಬೊಬ್ರಾಗಿ ಒಳಗೆ ಹೋಗ್ಬೇಕು. ಕಾಲು ನೆಲಕ್ಕೆ ಇಡದೆ ಆಚೆ ಬಂದ್ರೆ ಸೊನ್ನೆ, ಅದಕ್ಕೆ ಕ್ಲೀನ್ ಅಂತಾರೆ. ಒಂದ್ಸಲ ಕಾಲಿಟ್ರೆ ಒಂದು, ಎರಡ್ಸಲಕ್ಕೆ ಎರಡು, ಮೂರು ಸಲ ಅಥವಾ ಅದಕ್ಕಿಂತ ಜಾಸ್ತಿ ಎಷ್ಟಿಟ್ರೂ ಮೂರೇ. ಬಿದ್ರೆ, ರಿಬ್ಬನ್ ಆಚೆ ಹೋದ್ರೆ ಐದು. ಇದೇ ಸೆಕ್ಷನ್‌ಗಳನ್ನ ಎರಡು ಮೂರು ಸುತ್ತು ಮಾಡಿಸ್ತಾರೆ, ಕೊನೆಗೆ ಯಾರ ಲೆಕ್ಕ ಕಮ್ಮಿಯೋ ಅವರು ಗೆದ್ದಂಗೆ. ಬೈಕ್ ತೂಕ ಸುಮಾರು 70 ಕೆಜಿ ಅಷ್ಟೇ, ನಮ್ಮ ತೋಟದಲ್ಲಿ ಗೊಬ್ಬರದ ಚೀಲ ಹೊರೋ ಎಕ್ಸ್‌ಎಲ್ ಇದಕ್ಕಿಂತ ಭಾರ!

ಈಗ ಲಾಯಾ ವಿಷಯ. ಹುಟ್ಟಿದ್ದು 1985ರ ಡಿಸೆಂಬರ್, ಊರು ಬಾರ್ಸಿಲೋನಾ ಹತ್ರದ ಕೊರ್ಬೆರಾ. ಚಿಕ್ಕವಳಿದ್ದಾಗ ಹುಡುಗರ ಜೊತೆನೇ ಸ್ಪರ್ಧೆ ಮಾಡ್ಕೊಂಡು ಬೆಳೆದವಳು. 2000ದಲ್ಲಿ ಎಫ್‌ಐಎಂ, ಅಂದ್ರೆ ಮೋಟರ್‌ಸೈಕಲ್ ಕ್ರೀಡೆಗಳ ಅಂತಾರಾಷ್ಟ್ರೀಯ ಸಂಸ್ಥೆ, ಹೆಂಗಸರಿಗೆ ಅಂತಲೇ ಟ್ರಯಲ್ ವಿಶ್ವ ಚಾಂಪಿಯನ್‌ಶಿಪ್ ಶುರು ಮಾಡ್ತು, ಆ ಮೊದಲ ವರ್ಷವೇ ಇವಳು ಗೆದ್ಲು, ಆಗ ವಯಸ್ಸು ನಿಮ್ಮ ಮಗಳಷ್ಟೇ, 14. ಅಲ್ಲಿಂದ 2013ರವರೆಗೆ ಪ್ರತಿ ವರ್ಷ ಅವಳೇ, ಒಟ್ಟು ಹದಿಮೂರು ಟೈಟಲ್. ಮಧ್ಯದಲ್ಲಿ 2011ರಲ್ಲಿ ಡಾಕರ್ ರ್ಯಾಲಿಗೆ ಹೋದ್ಲು, ಮರುಭೂಮಿಯಲ್ಲಿ ಎರಡು ವಾರ ಓಡಿಸೋದು, ಮೊದಲ ಸಲಕ್ಕೇ 39ನೇ ಸ್ಥಾನ. 2015ರಲ್ಲಿ 9ನೇ ಸ್ಥಾನ, ಗಂಡಸರು ಹೆಂಗಸರು ಎಲ್ಲ ಸೇರಿದ ಲಿಸ್ಟಲ್ಲಿ. ಅದೇ 2015ರ ಡಾಕರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 36ನೇಯವರಾಗಿ ಮುಗಿಸಿದ್ರು, ಡಾಕರ್ ಪೂರ್ತಿ ಮುಗಿಸಿದ ಮೊದಲ ಭಾರತೀಯ ಅವರು. ಲಾಯಾ 2021ರವರೆಗೆ ಬೈಕಲ್ಲಿ ಹನ್ನೊಂದು ಡಾಕರ್ ಮಾಡಿ ಹನ್ನೊಂದನ್ನೂ ಮುಗಿಸಿದ್ದಾಳೆ. ಒಂದನ್ನೂ ಅರ್ಧಕ್ಕೆ ಬಿಟ್ಟಿಲ್ಲ. ಇದನ್ನ ರೀಲ್ಸ್ ಅಂತೀರಾ ಅಕ್ಕ?

ಮಡಿಕೇರಿಮಂಜು:
ನಿಧಾನ ಹೋಗೋದಕ್ಕೆ ವರ್ಲ್ಡ್ ಚಾಂಪಿಯನ್‌ಶಿಪ್ಪಾ? ಹಂಗಾದ್ರೆ ದಸರಾ ರಾತ್ರಿ ಮಂಟಪದ ಹಿಂದೆ ಬೈಕ್ ಸಿಕ್ಕಿಹಾಕ್ಕೊಂಡು ಗಾಂಧಿ ಮೈದಾನದಿಂದ ಬಸ್ ಸ್ಟ್ಯಾಂಡಿಗೆ ಎರಡು ಗಂಟೆಯಲ್ಲಿ ಕಾಲಿಡದೆ ಬಂದಿರೋ ನನಗೂ ಒಂದು ಕಪ್ ಕೊಡಿ ಮಾರಾಯ್ರೆ.

ಹಳೇಆರ್‌ಎಕ್ಸ್:
ಮಂಜು ತಮಾಷೆ ಮಾಡ್ಬೇಡ, ನಮ್ಮ ಕಾಲದಲ್ಲಿ ರಾಜ್ಯೋತ್ಸವಕ್ಕೆ ಗಣಪತಿಗೆ ಎಲ್ಲ ಕಡೆ ಸ್ಲೋ ಸೈಕಲ್ ರೇಸ್ ಇರ್ತಿತ್ತು, ಕೊನೆಗೆ ಬಂದವನೇ ಗೆದ್ದವನು, ಕಾಲಿಟ್ರೆ ಔಟ್. ಸುಮ್ನೆ ಜೋರಾಗಿ ಹೋಗೋದು ಯಾರ್ ಬೇಕಾದ್ರೂ ಹೋಗ್ತಾರೆ, ನಿಧಾನ ಹೋಗೋವಾಗ ಕೈ ನಡುಗೋದು ಗೊತ್ತಾಗ್ತದೆ. ಪೊನ್ನಂಪೇಟೆಯಲ್ಲಿ ನಾನು ಮೂರು ವರ್ಷ ಸೋಪಿನ ಡಬ್ಬಿ ಗೆದ್ದಿದ್ದೆ.

ಒಂದು ಮಾತು ಹೇಳ್ಬೇಕು. ಈ ಆಟದಲ್ಲಿ ಸ್ಪೇನ್, ಅದ್ರಲ್ಲೂ ಕ್ಯಾಟಲೋನಿಯಾದವ್ರು ಯಾಕೆ ಮುಂದೆ ಅಂತ ಯೋಚನೆ ಮಾಡಿ. ಮೊಂಟೆಸಾ, ಬುಲ್ಟಾಕೊ, ಓಸ್ಸಾ ಮೂರು ಬೈಕ್ ಕಂಪನಿನೂ ಹುಟ್ಟಿದ್ದು ಅಲ್ಲೇ, ಬಾರ್ಸಿಲೋನಾ ಸುತ್ತಮುತ್ತ. ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್ ಅನ್ನೋನು ಬ್ರಿಟಿಷ್ ಬೈಕ್ ಬಿಟ್ಟು ಬುಲ್ಟಾಕೊಗೆ ಹೋಗಿ ಶೆರ್ಪಾ ಅನ್ನೋ ಟ್ರಯಲ್ಸ್ ಬೈಕ್ ಮಾಡೋಕೆ ಕೈ ಹಾಕಿದ, 1965ರಲ್ಲಿ ಅದೇ ಬೈಕಲ್ಲಿ ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ ಗೆದ್ದ, ಅದರ ಮೇಲೆ ಆಟದ ಕೇಂದ್ರನೇ ಇಂಗ್ಲೆಂಡಿಂದ ಸ್ಪೇನಿಗೆ ಜರುಗ್ತು. ಫ್ಯಾಕ್ಟರಿ ಮನೆ ಪಕ್ಕ, ಗುಡ್ಡ ಹಿತ್ತಿಲಲ್ಲಿ. ಮಕ್ಕಳು ಸುಮ್ನೆ ಬೆಳೀತಾರೆ. ನಮಗೆ ಗುಡ್ಡ ಉಂಟು, ಬಾಕಿ ಎಂತ ಉಂಟು?

ಕಣದಮನೆ:
ಅಮ್ಮನ ಅಕೌಂಟಿಂದ ನಾನು ಟೈಪ್ ಮಾಡ್ತಿದೀನಿ, ಅಮ್ಮ ಸ್ನಾನಕ್ಕೆ ಹೋಗಿದ್ದಾರೆ. ರೋಬಸ್ಟಾರೈಡರ್ ಅಣ್ಣ, 2000ದಿಂದ 2013ರವರೆಗೆ ಎಣಿಸಿದ್ರೆ ಹದಿನಾಲ್ಕು ವರ್ಷ ಆಗತ್ತೆ, ಟೈಟಲ್ ಹದಿಮೂರು, ಒಂದು ವರ್ಷ ಎಲ್ಲಿ ಹೋಯ್ತು? 2007. ಆ ವರ್ಷ ಜರ್ಮನಿಯ ಐರಿಸ್ ಕ್ರಾಮರ್ ಗೆದ್ರು. ಸತತ ಏಳು ಸಲ ಗೆದ್ದೋಳು ಎಂಟನೇ ಸಲ ಸೋತು, ಆಮೇಲೆ ಮತ್ತೆ ಬಂದು ಆರು ಸಲ ಗೆದ್ದಿದ್ದು ಅಂದ್ರೆ ಬರೀ ಗೆದ್ದಿದ್ದಕ್ಕಿಂತ ಜಾಸ್ತಿ ಅಲ್ವಾ? ಆಮೇಲೆ ಎಮ್ಮಾ ಬ್ರಿಸ್ಟೊ ಬಗ್ಗೆ ಯಾರೂ ಹೇಳಲೇ ಇಲ್ಲ. ಇಂಗ್ಲೆಂಡಿನವರು, ಶೆರ್ಕೊ ಬೈಕ್. 2014ರಿಂದ 2020ರವರೆಗೆ ಅವರೂ ಸತತ ಏಳು. ಲಾಯಾ ಅಷ್ಟೊತ್ತಿಗೆ ಎಂಡ್ಯೂರೊ (ಕಾಡುದಾರಿಯಲ್ಲಿ ದೂರ ಓಡಿಸೋ ರೇಸ್), ಡಾಕರ್ ಅಂತ ಹೋಗಿದ್ರು. ಆದ್ರೆ 2021ರಲ್ಲಿ ಲಾಯಾ ವಾಪಸ್ ಬಂದು ಮತ್ತೆ ಟ್ರಯಲ್ ಗೆದ್ರು, ಹದಿನಾಲ್ಕನೇದು. 2000ದಿಂದ 2021 ಅಂದ್ರೆ 22 ಸೀಸನ್, ಗೆದ್ದೋರು ಮೂರೇ ಜನ. ಅದೂ ಆ 2021ರ ಜನವರಿಯಲ್ಲಿ ಡಾಕರ್ ಓಡಿಸ್ದಾಗ ಅವರಿಗೆ ಲೈಮ್ ಕಾಯಿಲೆ ಬಂದು ಇನ್ನೂ ಪೂರ್ತಿ ಹುಷಾರಾಗಿರ್ಲಿಲ್ಲ. ಅದು ಉಣುಗು ಕಚ್ಚಿ ಬರೋದು. ಅಜ್ಜಿಗೆ ಹೇಳಿದ್ರೆ, ಉಣುಗು ಅಂದ್ರೆ ಸುಮ್ನೆನಾ ಸೀಮೆಎಣ್ಣೆ ಹಚ್ಬೇಕಿತ್ತು ಅಂದ್ರು. ಅಮ್ಮ ಬಂದ್ರು ಬೈ.

ರೋಬಸ್ಟಾರೈಡರ್:
ಔಟ್. ಕ್ಲೀನ್ ಬೌಲ್ಡ್ ಆದೆ. ತಂಗಿ ನಿನ್ನ ಮುಂದೆ ನಾನಿನ್ನು ಲೆಕ್ಕ ಹೇಳಲ್ಲ.

ತೋಡಿನಾಚೆ:
ಹುಡುಗಿ ಚುರುಕು ಉಂಟು ಒಪ್ತೀನಿ. ಆದ್ರೆ ನನ್ನ ಮಾತಿಗೆ ಉತ್ತರ ಬರ್ಲಿಲ್ಲ. ಆರ್‌ಎಕ್ಸ್ ಅಂಕಲ್ ಹೇಳಿದ್ದೇ ನಾನೂ ಹೇಳೋದು, ಲಾಯಾಗೆ ಹಿತ್ತಿಲಲ್ಲೇ ಫ್ಯಾಕ್ಟರಿ. ನಮ್ಮಲ್ಲಿ ಒಂದು ಟ್ರಯಲ್ಸ್ ಬೈಕ್ ತರಿಸ್ಬೇಕು ಅಂದ್ರೆ ಅಲ್ಲೇ ಏಳೆಂಟು ಸಾವಿರ ಯೂರೊ, ಅದರ ಮೇಲೆ ಹಡಗು, ಅದರ ಮೇಲೆ ಡ್ಯೂಟಿ. ಮೆಣಸಿಗೆ ರೇಟ್ ಬಂದ ವರ್ಷ ಆದ್ರೂ ಯಾವ ಬೆಳೆಗಾರ ತರಿಸ್ತಾನೆ ಹೇಳಿ. ಇನ್ನೊಂದು, ಯಾರೂ ಬಾಯಿ ಬಿಡ್ತಿಲ್ಲ, ಗುಡ್ಡದಲ್ಲಿ ಬೈಕ್ ಚಕ್ರ ತಿರುಗಿಸಿ ಮಣ್ಣು ಕಿತ್ತು ಹಾಕಿದ್ರೆ ಮಳೆಗಾಲದಲ್ಲಿ ಎಂತ ಆಗ್ತದೆ? 2018ರ ಆಗಸ್ಟ್ ಮರೆತುಹೋಯ್ತಾ? ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ನೋಡಿದವನಿಗೆ ಇಳಿಜಾರಲ್ಲಿ ಒಂದು ಗೆರೆ ಕೆರೆಯೋಕೂ ಕೈ ಬರಲ್ಲ. ಮಾಂದಲ್‌ಪಟ್ಟಿಗೆ ಹೋಗೋ ಜೀಪ್‌ಗಳು ದಾರಿ ಮಾಡಿಟ್ಟ ಗತಿ ನೋಡಿದೀರಲ್ಲ.

ಹಳೇಆರ್‌ಎಕ್ಸ್:
ಈ ಮಣ್ಣಿನ ಮಾತು ಸರಿ. ಇದಕ್ಕೆ ನಾನೂ ತಲೆ ಬಾಗಿಸ್ತೀನಿ.

ಮಂಜಿನೂರಿಂದದೂರ:
ಎಲ್ರಿಗೂ ನಮಸ್ಕಾರ, ನಾನು ವಿರಾಜಪೇಟೆಯವಳು, ನಾಲ್ಕು ವರ್ಷದಿಂದ ಇಂಗ್ಲೆಂಡಿನ ಯಾರ್ಕ್‌ಷೈರಲ್ಲಿ ನರ್ಸ್. ಈ ಥ್ರೆಡ್ ನೋಡಿ ನಗು ಬಂತು ಯಾಕಂದ್ರೆ ಹೋದ ವರ್ಷ ನನ್ನ ವಾರ್ಡಿನ ಒಬ್ಬ ರಿಟೈರ್ಡ್ ಪೇಷಂಟ್ ನಿಂಗೆ ಭಾನುವಾರ ರಜಾನಾ ಅಂತ ಕೇಳಿ, ಹೌದು ಅಂದಿದ್ದೇ ತಪ್ಪಾಯ್ತು, ಟ್ರಯಲ್‌ಗೆ ಅಬ್ಸರ್ವರ್ ಕಮ್ಮಿ ಇದ್ದಾರೆ ಬಾ ಅಂತ ಕರ್ಕೊಂಡು ಹೋದ್ರು. ನನಗೆ ಬೈಕೂ ಗೊತ್ತಿಲ್ಲ ರೂಲೂ ಗೊತ್ತಿಲ್ಲ. ಒಂದು ರಟ್ಟು, ಒಂದು ಪೆನ್ಸಿಲ್, ಒಂದು ಸ್ಯಾಂಡ್‌ವಿಚ್ ಪೊಟ್ಟಣ ಕೊಟ್ಟು ಒಂದು ತೋಡಿನ ಪಕ್ಕ ನಿಲ್ಲಿಸಿದ್ರು. ಬಲಕ್ಕೆ ಕೆಂಪು ಗುರುತು ಎಡಕ್ಕೆ ನೀಲಿ ಗುರುತು, ಎರಡರ ಮಧ್ಯೆ ಹೋಗ್ಬೇಕು, ನೀನು ಅವರ ಕಾಲು ಮಾತ್ರ ನೋಡು ಅಂದ್ರು. ಹತ್ತು ಸೆಕ್ಷನ್ ನಾಲ್ಕು ಸುತ್ತು. ಮಳೆ ಹನಿ, ನಮ್ಮ ಜುಲೈ ತರ. ಬೆಳಿಗ್ಗೆಯಿಂದ ಸಂಜೆವರೆಗೆ ಕಾಲೇ ನೋಡಿದ್ದು!

ಹೇಳ್ಬೇಕಾದ್ದು ಏನಂದ್ರೆ, ಅಲ್ಲಿ ಬಂದವ್ರಲ್ಲಿ ಎಪ್ಪತ್ತರ ಅಜ್ಜನೂ ಇದ್ರು ಒಂಬತ್ತು ವರ್ಷದ ಹುಡುಗಿನೂ ಇದ್ಲು. ಒಂದೇ ಸೆಕ್ಷನ್ ಒಳಗೆ ಸುಲಭದ ದಾರಿ ಒಂದು ಕಷ್ಟದ ದಾರಿ ಒಂದು, ಬೇರೆ ಬೇರೆ ಬಣ್ಣದ ಬಾಣ ಹಾಕಿ ಬೇರೆ ಮಾಡಿದ್ರು. ಆ ಹುಡುಗಿದು ಎಲೆಕ್ಟ್ರಿಕ್ ಪುಟಾಣಿ ಬೈಕು, ಓಸೆಟ್ ಅಂತ, ಮಕ್ಕಳಿಗೇ ಅಂತ ಮಾಡಿದ್ದಂತೆ, ಸದ್ದೇ ಇಲ್ಲ. ನನ್ನ ಸೆಕ್ಷನಲ್ಲಿ ಒಂದು ಜಾರೋ ಕಲ್ಲಿತ್ತು. ಮೊದಲ ಸುತ್ತಲ್ಲಿ ಬಿದ್ಲು, ಐದು ಬರೆದೆ. ಎರಡನೇ ಸುತ್ತು ಮೂರು. ಮೂರನೇ ಸುತ್ತಿಗೆ ಬಂದವಳು ಬೈಕ್ ನಿಲ್ಲಿಸಿ, ಇಳಿದು, ಸೆಕ್ಷನ್ ಒಳಗೆ ನಡ್ಕೊಂಡು ಹೋಗಿ ಆ ಕಲ್ಲನ್ನ ಬೂಟಲ್ಲಿ ಒತ್ತಿ ನೋಡಿದ್ಲು, ಎಡಗಡೆ ಸ್ವಲ್ಪ ಪಾಚಿ ಕಮ್ಮಿ ಇತ್ತು, ವಾಪಸ್ ಬಂದು ಅಲ್ಲೇ ಚಕ್ರ ಇಟ್ಟು ದಾಟಿದ್ಲು. ಒಂದೇ ಕಾಲು. ಅವರಪ್ಪ ಅಲ್ಲೇ ನಿಂತಿದ್ರೂ ಒಂದು ಮಾತು ಹೇಳ್ಲಿಲ್ಲ. ಅಕ್ಕ, ನಿಮ್ಮ ಮಗಳ ಲಾಯಾನೂ ಬ್ರಿಸ್ಟೊನೂ ಶುರು ಮಾಡಿದ್ದು ಇಂಥ ಕಡೆಯಿಂದಲೇ ಇರ್ಬೇಕು ಅಂತ ನನಗೆ ಅನಿಸ್ತು, ಫ್ಯಾಕ್ಟರಿಯಿಂದ ಅಲ್ಲ. ಪೆನ್ಸಿಲ್ ಹಿಡ್ಕೊಂಡು ಮಳೇಲಿ ನಿಲ್ಲೋ ಹತ್ತು ಜನ ಬೇಕು. ಅಷ್ಟು ಜನ ನಮ್ಮಲ್ಲಿ ಸಿಗಲ್ವಾ? ಮದುವೆ ಮನೇಲಿ ಬಡಿಸೋಕೆ ನಿಲ್ಲಲ್ವಾ ನಾವು?

ಮಡಿಕೇರಿಮಂಜು:
ಸದ್ದಿಲ್ಲದ ಬೈಕು ಸಿದ್ದಾಪುರ ಕಡೆ ಬೇಡ. ಆನೆಗೂ ಗೊತ್ತಾಗಲ್ಲ ನಮಗೂ ಗೊತ್ತಾಗಲ್ಲ, ಇಬ್ರೂ ತಿರುವಲ್ಲಿ ಒಟ್ಟಿಗೆ ಗಾಬರಿ ಆಗೋದು.

ಪಿಟಿಮೇಡಂ:
ಸೋಮವಾರಪೇಟೆ ಕಡೆ ಹೈಸ್ಕೂಲಲ್ಲಿ ಪಿಇ ಟೀಚರ್ ನಾನು. ಒಂದು ಹೊಟ್ಟೆಉರಿ ಹೇಳ್ಕೋತೀನಿ. ಕೆಲವು ವರ್ಷದ ಹಿಂದೆ ಒಂದು ಡರ್ಟ್ ಬೈಕ್ ಸ್ಪರ್ಧೆ, ಯಾರದು ಎಲ್ಲಿ ಅಂತ ಬೇಡ. ಪೋಸ್ಟರಲ್ಲಿ ಲೇಡೀಸ್ ಕ್ಲಾಸ್ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ರು. ನನ್ನ ಹಳೇ ಸ್ಟೂಡೆಂಟ್ ಒಬ್ಳು ಬೆಳಗಿನ ಜಾವ ನಾಲ್ಕಕ್ಕೆ ಪಿಕಪ್ ಬಾಡಿಗೆಗೆ ಹಿಡಿದು ಬೈಕ್ ಹಾಕ್ಕೊಂಡು ಹೋದ್ಲು, ಜೊತೆಗೆ ನಾನು. ಅಲ್ಲಿ ಹೋದ್ರೆ ಎಂಟ್ರಿ ಮೂರೇ ಬಂದಿದೆ, ಐದಾದ್ರೂ ಇಲ್ದಿದ್ರೆ ಕ್ಲಾಸ್ ನಡೆಸಲ್ಲ, ಬೇಕಿದ್ರೆ ನಾವಿಸ್, ಅಂದ್ರೆ ಹೊಸಬರ ಕ್ಲಾಸಲ್ಲಿ ಹುಡುಗರ ಜೊತೆ ಬಿಡಿ ಅಂದ್ರು. ಅವಳು ಬಿಟ್ಲು. ಇಪ್ಪತ್ತೆರಡರಲ್ಲಿ ಹದಿನಾಲ್ಕನೇಯವಳಾಗಿ ಬಂದ್ಲು, ಆ ಬೈಕಿಗೆ ಅದು ದೊಡ್ಡದೇ. ಆದ್ರೆ ಅವಳಿಗೆ ಸರ್ಟಿಫಿಕೇಟೂ ಇಲ್ಲ ಫೋಟೋನೂ ಇಲ್ಲ, ಪೇಪರಲ್ಲಿ ಹೆಸರೂ ಇಲ್ಲ. ಮೂರು ಜನ ಬಂದಿದ್ದಾರಲ್ಲ, ಮೂರು ಜನಕ್ಕೇ ನಡೆಸಿದ್ರೆ ಮುಂದಿನ ವರ್ಷ ಆರು ಜನ ಬರ್ತಾರೆ ಅನ್ನೋದು ಅವರ ತಲೆಗೆ ಹೋಗ್ಲಿಲ್ಲ. ಆಮೇಲೆ ಅವಳು ಬೈಕ್ ಮಾರಿದ್ಲು.

ಅದಕ್ಕೇ ನನಗೆ ಲಾಯಾ ಕಥೆಯಲ್ಲಿ ಅವಳ ಕೈಗಿಂತ ಆ 2000 ಅನ್ನೋ ಇಸವಿ ದೊಡ್ಡದಾಗಿ ಕಾಣೋದು. ಅದಕ್ಕೂ ಮೊದ್ಲು ಹೆಂಗಸರು ಓಡಿಸ್ತಿರ್ಲಿಲ್ಲ ಅಂತಲ್ಲ. ಬರ್ಮಿಂಗ್‌ಹ್ಯಾಮಿನ ಓಲ್ಗಾ ಕೆವೆಲೋಸ್ ಅಂತ ಒಬ್ರು, 1923ರಲ್ಲಿ ಹುಟ್ಟಿದವರು, ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾಲುವೆಗಳಲ್ಲಿ ಸರಕಿನ ದೋಣಿ ನಡೆಸಿದವರು, ಆಮೇಲೆ ಬೈಕಿಗೆ ಬಂದು ಅಂತಾರಾಷ್ಟ್ರೀಯ ಆರು ದಿನದ ಟ್ರಯಲಲ್ಲಿ 1949 ಮತ್ತು 1953ರಲ್ಲಿ ಚಿನ್ನದ ಪದಕ ತಗೊಂಡ್ರು. ಆ ಪದಕ ಫಸ್ಟ್ ಬಂದವ್ರಿಗೆ ಮಾತ್ರ ಅಲ್ಲ, ಆರು ದಿನವೂ ಹೇಳಿದ ಟೈಮಿಗೆ ತಪ್ಪದೆ ತಲುಪಿದವ್ರಿಗೆ, ಅದು ಇನ್ನೂ ಕಷ್ಟ ಅಂತ ನನ್ನ ಅಭಿಪ್ರಾಯ. ಅಷ್ಟು ಮಾಡಿದ್ರೂ ಅವರ ಕಾಲದಲ್ಲಿ ಹೆಂಗಸರಿಗೆ ವಿಶ್ವ ಚಾಂಪಿಯನ್ ಅನ್ನೋ ಪಟ್ಟವೇ ಇರ್ಲಿಲ್ಲ. ಲಾಯಾಗೆ ಹದಿನಾಲ್ಕು ತುಂಬಿದ ಹೊತ್ತಿಗೆ ಸರಿಯಾಗಿ ಆ ಪಟ್ಟ ಬಂತು.

ತೋಡಿನಾಚೆ ಅವ್ರೆ, ಹಾಕಿ ಅಂದ್ರಲ್ಲ, 1997ರಲ್ಲಿ ಕರಡದಲ್ಲಿ ಕೊಡವ ಹಾಕಿ ಹಬ್ಬ ಶುರುವಾದಾಗ 60 ಮನೆತನದ ಟೀಮು. ಈಗ ನೋಡಿ. ಅದ್ರಲ್ಲಿ ಒಂದೇ ಟೀಮಲ್ಲಿ ಅಪ್ಪ ಮಗಳು ಸೊಸೆ ಎಲ್ಲ ಆಡ್ತಾರಲ್ಲ, ಐದು ಹೆಂಗಸರು ಬಂದ್ರೆ ಮಾತ್ರ ಅಂತ ಯಾರಾದ್ರೂ ಹೇಳಿದ್ರಾ?

ತೋಡಿನಾಚೆ:
ಮೇಡಂ ಆ ಹುಡುಗಿ ವಿಷಯ ಓದಿ ಬೇಜಾರಾಯ್ತು. ನಾನು ಹುಡುಗಿ ಅಂತ ಬೇಡ ಅಂದಿದ್ದಲ್ಲ, ದುಡ್ಡು ಮತ್ತೆ ಮಣ್ಣು ನೋಡಿ ಅಂದಿದ್ದು. ಅದು ಈಗ್ಲೂ ಹೇಳ್ತೀನಿ.

ರೋಬಸ್ಟಾರೈಡರ್:
ದಾರಿ ಇಲ್ಲ ಅಂತಲೂ ಅಲ್ಲ ಅಣ್ಣ. ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾಸ್ ವರ್ಲ್ಡ್ ಕಪ್ಪಲ್ಲಿ ಹೆಂಗಸರ ವಿಭಾಗ ಗೆದ್ರು. ಅದು ಟ್ರಯಲ್ಸ್ ಅಲ್ಲ, ಮರಳು ಕಲ್ಲು ಮಣ್ಣಿನ ದಾರಿಯ ರ್ಯಾಲಿ. ಆದ್ರೆ ಲಾಯಾನೂ ಟ್ರಯಲ್ಸಿಂದ ಅಲ್ಲಿಗೇ ಹೋಗಿದ್ದಲ್ವಾ. ಟ್ರಯಲ್ಸಲ್ಲಿ ಕಲ್ತ ಕ್ಲಚ್ಚು, ಬ್ಯಾಲೆನ್ಸು ಮರಳಲ್ಲೂ ಕಲ್ಲಲ್ಲೂ ಕೈ ಹಿಡೀತದೆ, ಎರಡು ವಾರ ಬೈಕ್ ಬೀಳಿಸದೆ ತರೋದಕ್ಕೆ ಅದಕ್ಕಿಂತ ಒಳ್ಳೆ ಪಾಠ ಯಾವುದು? ನಿಮ್ಮ ಮಗಳು ಮುಂದೆ ಎಲ್ಲಿಗೆ ಹೋದ್ರೂ ಈ ಕಣದಲ್ಲಿ ನಿಲ್ಲೋದು ವೇಸ್ಟ್ ಆಗಲ್ಲ ಅಕ್ಕ.

ಸ್ಪ್ಯಾನರ್ಹನ್ನೆರಡುಹದಿಮೂರು:
ಗೋಣಿಕೊಪ್ಪಲಲ್ಲಿ ಮೆಕ್ಯಾನಿಕ್. ಮಾತು ಜಾಸ್ತಿ ಆಯ್ತು, ಕೆಲಸದ ವಿಷಯ ಹೇಳ್ತೀನಿ. ಅಕ್ಕ ಆ ಹಳೇ 100 ಸಿಸಿ ಬೈಕೇ ಸಾಕು ಈಗ. ಇಂಡಿಕೇಟರ್, ಸೈಡ್ ಬಾಕ್ಸ್, ಸೀರೆ ಗಾರ್ಡು, ಲೆಗ್ ಗಾರ್ಡು ಎಲ್ಲ ಬಿಚ್ಚಿ, ಅದರಲ್ಲೇ ಎಷ್ಟೋ ತೂಕ ಇಳೀತದೆ. ಹಿಂದಿನ ಸ್ಪ್ರಾಕೆಟ್, ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ಹಲ್ಲು ಜಾಸ್ತಿ ಇರೋದು ಹಾಕಿ, ಇಲ್ಲಾಂದ್ರೆ ಫಸ್ಟ್ ಗೇರಲ್ಲೂ ಓಡಿಹೋಗ್ತದೆ. ಯೂಟ್ಯೂಬ್ ನೋಡಿ ಟಯರ್ ಗಾಳಿ ಪೂರ್ತಿ ಇಳಿಸ್ಬೇಡಿ. ಅವರದು ನಾಲ್ಕೈದು ಪಿಎಸ್‌ಐ ಇರ್ತದೆ ನಿಜ, ಆದ್ರೆ ಅದು ಬೇರೆ ಟಯರು. ನಮ್ಮ ಟ್ಯೂಬ್ ಟಯರಲ್ಲಿ ಅಷ್ಟು ಇಳಿಸಿದ್ರೆ ಟಯರ್ ರಿಮ್ ಮೇಲೆ ಜಾರಿ ಟ್ಯೂಬಿನ ಮೂತಿ ಕಿತ್ತುಹೋಗ್ತದೆ.

ಎಲ್ಲಕ್ಕಿಂತ ಮುಖ್ಯ, ಹಿಂದಿನ ಸ್ಪ್ರಾಕೆಟ್ ಮತ್ತೆ ಚೈನ್ ಮಧ್ಯೆ ಬೆರಳು ಹೋಗದಂಗೆ ಗಾರ್ಡ್ ಹಾಕ್ಸಿ. ನಿಧಾನದ ಆಟ ಅಂತ ಎಲ್ರೂ ಹತ್ರ ನಿಂತಿರ್ತಾರೆ, ಬೈಕ್ ಬೀಳ್ತದೆ ಅಂತ ಹಿಂದಿಂದ ಕೈ ಹಾಕಿ ಹಿಡಿಯೋಕೆ ಹೋಗ್ತಾರೆ, ಬೆರಳು ಹೋಗೋದು ಅಲ್ಲೇ. ಬಿದ್ರೆ ಬೀಳ್ಲಿ, ಹಿಡೀಬೇಡಿ. ಇನ್ನೊಂದು, ಬಿದ್ದಾಗ ಇಂಜಿನ್ ತಾನೇ ಆಫ್ ಆಗೋ ದಾರದ ಸ್ವಿಚ್ ಬೇಕು, ಒಂದು ತುದಿ ಬೈಕಿಗೆ ಒಂದು ತುದಿ ಮಣಿಕಟ್ಟಿಗೆ. ಅದನ್ನ ನಾನು ಮಾಡಿ ಕೊಡ್ತೀನಿ, ದುಡ್ಡು ಬೇಡ. ಹೆಲ್ಮೆಟ್ಟು ಬೂಟು ಇಲ್ದೆ ಕಣದಲ್ಲೂ ಬೇಡ. ಮತ್ತೆ ಹದಿನೆಂಟು ಆಗೋವರೆಗೆ ಗೇರ್ ಬೈಕ್ ರಸ್ತೆಗೆ ತಂದ್ರೆ ಕೇಸ್ ಬೀಳೋದು ನಿಮ್ಮ ಮೇಲೆ, 25,000 ದಂಡ. ಗೇಟ್ ಒಳಗೇ ಇರ್ಲಿ.

ಹಳೇಆರ್‌ಎಕ್ಸ್:
ಸ್ಪ್ಯಾನರ್ ಹೇಳಿದ್ದು ನೂರಕ್ಕೆ ನೂರು. ನನ್ನ ಬಲಗೈ ಕಿರುಬೆರಳಿನ ತುದಿ ಇಲ್ಲ, ಯಾಕೆ ಅಂತ ಕೇಳ್ಬೇಡಿ. ಇನ್ನೊಂದು ಉಪಾಯ, ಸೈಕಲ್. ಸ್ಪೇನ್‌ನಲ್ಲಿ ಮೊಂಟೆಸಾದವ್ರು ಮಕ್ಕಳಿಗೆ ಅಂತ ಟ್ರಯಲ್ ಸೈಕಲ್ ಮಾಡಿದ್ರು, ಗಂಡಸರಲ್ಲಿ 2007ರಿಂದ ವರ್ಷ ವರ್ಷ ವಿಶ್ವ ಚಾಂಪಿಯನ್ ಆಗ್ತಾ ಬಂದ ಟೋನಿ ಬೋ, ಅವನೂ ಮೊದ್ಲು ಸೈಕಲ್ ಟ್ರಯಲ್ಸಿಂದ ಬಂದವನೇ. ಸೈಕಲಲ್ಲಿ ಮಣ್ಣೂ ಕೀಳಲ್ಲ ಪೆಟ್ರೋಲೂ ಬೇಡ. ತೋಡಿನಾಚೆ ಅವ್ರಿಗೂ ಸಮಾಧಾನ.

ಕಣದಮನೆ:
ಎಲ್ರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೀತಿದೀನಿ. ಮಧ್ಯೆ ಹೂಮಳೆ ಆಯ್ತು, ಆಮೇಲೆ ಸ್ಪ್ರಿಂಕ್ಲರ್ ಕೆಲಸ ತಪ್ಪಿತು, ಒಂಬತ್ತು ದಿನಕ್ಕೆ ತೋಟ ಪೂರ್ತಿ ಬಿಳಿ, ಆ ಗಡಿಬಿಡಿ ಎಲ್ಲ ಮುಗೀತು.

ಸ್ಪ್ಯಾನರ್ ಅವ್ರು ಹೇಳಿದಂಗೇ ಬಂದು ಸ್ವಿಚ್ಚೂ ಗಾರ್ಡೂ ಹಾಕಿ ಕೊಟ್ರು, ದುಡ್ಡು ಮುಟ್ಲಿಲ್ಲ, ಎರಡು ಕೆಜಿ ಕಾಫಿಪುಡಿ ಮಾತ್ರ ಬಲವಂತಕ್ಕೆ ತಗೊಂಡ್ರು. ತೋಡಿನಾಚೆ ಅವರ ಮಾತು ಮನಸಲ್ಲಿಟ್ಟು ಇಳಿಜಾರಿಗೆ ಹೋಗ್ಲೇ ಇಲ್ಲ, ಎಲ್ಲ ಕಣ ಮತ್ತೆ ಅದರ ಹಿಂದಿನ ಸಮತಟ್ಟು ಜಾಗದಲ್ಲೇ. ಐದು ಸೆಕ್ಷನ್ ಮಾಡಿದ್ವಿ. ಒಂದು ಬಿದ್ದ ಸಿಲ್ವರ್ ಓಕಿನ ದಿಮ್ಮಿ, ಒಂದು ಮನೆ ಕಟ್ಟಿದಾಗ ಉಳಿದ ಸೈಜುಕಲ್ಲಿನ ರಾಶಿ, ಒಂದು ಹಳೇ ಪಲ್ಪರ್ ಟ್ಯಾಂಕಿನ ಮೆಟ್ಟಿಲು, ಬಾಕಿ ಎರಡು ಬರೀ ಇಕ್ಕಟ್ಟಾದ ತಿರುವು. ಬಲಕ್ಕೆ ಕೆಂಪು ರಿಬ್ಬನ್ ಎಡಕ್ಕೆ ನೀಲಿ, ಇಂಗ್ಲೆಂಡಿನ ತಂಗಿ ಹೇಳಿದಂಗೆ. ಪಿಟಿ ಮೇಡಂ ಆ ಬೈಕ್ ಮಾರಿದ ಹುಡುಗಿನ ಕರ್ಕೊಂಡು ಬಂದ್ರು. ನನ್ನ ಮಗಳು, ಪಕ್ಕದ ತೋಟದ ಇಬ್ರು ಹುಡುಗರು ಸೈಕಲಲ್ಲಿ, ಅವಳು ನಮ್ಮ ಬೈಕಲ್ಲೇ. ಹೀಗೆ ನಾಲ್ಕು ಜನ.

ಅಬ್ಸರ್ವರ್ ಅತ್ತೆ. ವಯಸ್ಸು 76. ಕಲ್ಲಿನ ರಾಶಿ ಪಕ್ಕ ಕುರ್ಚಿ ಹಾಕಿಸ್ಕೊಂಡು ಕೂತ್ರು. ಮೊದಲ ಸುತ್ತಲ್ಲಿ ಮಗಳು ಎರಡನೇ ಕಲ್ಲು ಹತ್ತೋವಾಗ ಎಡಗಾಲು ಒಂದು ಚೂರು, ಬೂಟಿನ ತುದಿ ಮಾತ್ರ, ತಾಗಿತು ಅನ್ನೋಷ್ಟರಲ್ಲಿ ಎತ್ಕೊಂಡ್ಲು. ನಾನು ನೋಡ್ಲೇ ಇಲ್ಲ. ಅತ್ತೆ "ಒಂದು" ಅಂದ್ರು. ಮಗಳು ಆಚೆ ಬಂದು ಅಜ್ಜಿ ತಾಗಿಲ್ಲ ಅಂತ ವಾದಕ್ಕೆ ನಿಂತ್ಲು. ಅತ್ತೆ ಕೋಲಲ್ಲಿ ಕಲ್ಲು ತೋರಿಸಿದ್ರು, ಒದ್ದೆ ಪಾಚಿ ಮೇಲೆ ಬೂಟಿನ ಗುರುತು ಒಂದು ಬೆರಳಗಲ ಕೂತಿತ್ತು. "ನಿಮ್ಮಪ್ಪನಿಗೂ ಕೇರಂನಲ್ಲಿ ಹಿಂಗೇ ಹಿಡೀತಿದ್ದೆ" ಅಂದ್ರು. ಮಗಳ ಅಪ್ಪ ಹಿಂದೆ ನಿಂತಿದ್ದವ್ರು ಮೊದಲ ಸಲ ನಕ್ಕರು. ಮೂರು ಸುತ್ತಿಗೆ ಮಗಳದು 19, ಮೇಡಂ ಹುಡುಗಿದು 11. ಸೈಕಲ್ ಹುಡುಗರ ಲೆಕ್ಕ ಅವರೇ ಹೇಳ್ಬೇಡಿ ಅಂದಿದ್ದಾರೆ.

ಸೋತ ಮೇಲೆ ಮಗಳು ರಾತ್ರಿ ಊಟ ಸರಿಯಾಗಿ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಕಲ್ಲಿನ ರಾಶಿ ಹತ್ರ ಚಪ್ಪಲಿ ಕಾಲಲ್ಲಿ ನಡೀತಾ ಒಂದೊಂದೇ ಕಲ್ಲು ಒತ್ತಿ ನೋಡ್ತಾ ಇದ್ಲು.

ತೋಡಿನಾಚೆ:
ಅಕ್ಕ ಮುಂದಿನ ಸಲ ಯಾವಾಗ? ನನ್ನ ತಂಗಿ ಮಗಳು ಹನ್ನೆರಡು ವರ್ಷದವಳು, ಸೈಕಲ್ ಉಂಟು. ಸುಮ್ನೆ ನೋಡೋಕೆ ಬರ್ತೀವಿ. ನಮ್ಮಲ್ಲಿ ಮಳೆಗಾಲದಲ್ಲಿ ಬಿದ್ದ ಹಲಸಿನ ಮರದ ಎರಡು ದಿಮ್ಮಿ ಉಂಟು, ಬೇಕಿದ್ರೆ ಪಿಕಪ್ಪಲ್ಲಿ ಹಾಕ್ಕೊಂಡು ಬರ್ತೀನಿ.

ಮಡಿಕೇರಿಮಂಜು:
ಸುಮ್ನೆ ನೋಡೋಕೆ ಬರೋನು ದಿಮ್ಮಿ ಹೊತ್ಕೊಂಡು ಬರ್ತಾನಂತೆ.

ಕಣದಮನೆ:
ಬರೋ ತಿಂಗಳ ಎರಡನೇ ಭಾನುವಾರ, ಮಳೆ ಹಿಡಿಯೋ ಮುಂಚೆ ಅದೇ ಕೊನೇದು. ಬೆಳಿಗ್ಗೆ ಒಂಬತ್ತಕ್ಕೆ, ತಿಂಡಿಗೆ ಕಡಂಬಿಟ್ಟು ನಮ್ಮ ಮನೇದೇ. ಮಂಜು ಅವ್ರೂ ಬನ್ನಿ, ನಿಮ್ಮ ದಸರಾ ಟ್ಯಾಲೆಂಟ್ ತೋರ್ಸಿ. ದಿಮ್ಮಿ ಖಂಡಿತ ತನ್ನಿ ತೋಡಿನಾಚೆ ಅಣ್ಣ. ಮತ್ತೆ ಯಾರ ಹತ್ರ ಆದ್ರೂ ಹಳೇ ಬಸ್ ಕಂಡಕ್ಟರ್ ಟಿಕೆಟ್ ಪಂಚ್ ಇದ್ರೆ ತರ್ತೀರಾ? ಕಾಲಿಟ್ಟ ಲೆಕ್ಕಕ್ಕೆ ಅತ್ತೆ ಈಗ ಸೀರೆ ಪಿನ್ನಲ್ಲಿ ಒಬ್ಬೊಬ್ರ ಕಾರ್ಡಿಗೆ ತೂತು ಮಾಡ್ತಿದ್ದಾರೆ, ಮಗಳ ಕಾರ್ಡಲ್ಲಿ ತೂತು ಸ್ವಲ್ಪ ದೊಡ್ಡದು ಅಂತ ಮನೇಲಿ ಇನ್ನೂ ಗಲಾಟೆ ನಡೀತಾ ಉಂಟು.